ಹಲ್ಲಿನ ಬೇರಲ್ಲಿ ಫೈಲ್ ಮುರಿದದ್ದನ್ನು ಡಾಕ್ಟರೇ ಹೇಳಿದ ಕ್ಲಿನಿಕ್

ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ. ಹಾಕಲಾ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ "ಬೇಡ ಅಣ್ಣ, ನಾನೇ ಹೇಳಿ ಬರೆಸಿದಂಗಿರುತ್ತೆ" ಅಂದರು. ಹಲ್ಲಿನ ಡಾಕ್ಟರುಗಳು ಜಾಹೀರಾತು ಮಾಡಿ ರೋಗಿಗಳನ್ನು ಕರೆಯಬಾರದು ಅಂತ 2014ರ ನೀತಿಸಂಹಿತೆಯಲ್ಲೇ ಇದೆಯಂತೆ. ಕೋಲಾರ ಪೇಟೆ, ಔಷಧಿ ಅಂಗಡಿ ಮೇಲಿನ ಮಹಡಿ, ಒಂದೇ ಕುರ್ಚಿ. ಇಷ್ಟು ಗುರುತು ಸಾಕು.

ನಾನು ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹುಟ್ಟಿದ್ದು ಶ್ರೀನಿವಾಸಪುರ ಕಡೆಯ ಹಳ್ಳಿ, ಬೆಳೆದದ್ದು ಬೋರ್ ನೀರಲ್ಲಿ. ಮುಂದಿನ ಹಲ್ಲುಗಳ ಮೇಲೆ ಟೀ ಬಣ್ಣದ ಪಟ್ಟೆ. ನಮ್ಮೂರಲ್ಲಿ ಅದು ಯಾರಿಗಿಲ್ಲ ಹೇಳಿ? ಆದರೆ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು, ಫೋಟೋಗೆ ಬಾಯಿ ಮುಚ್ಚಿಕೊಂಡು ನಗೋದು ಬೇಡ, ಕ್ಲೀನ್ ಮಾಡಿಸೋಣ ಅಂತ ಹೊರಟೆ. ಬಲಗಡೆ ಒಂದು ದವಡೆ ಹಲ್ಲು ತಣ್ಣೀರು ತಾಗಿದರೆ ಜುಂ ಅನ್ನುತ್ತಲೂ ಇತ್ತು.

ಮೊದಲು ಹೋದದ್ದು ಬೇರೆ ಕಡೆ. ಎಸಿ, ಸೋಫಾ, ತಪಾಸಣೆ ಉಚಿತ. ಹತ್ತು ನಿಮಿಷದಲ್ಲಿ ಚೀಟಿ ಕೈಗೆ ಬಂತು: ಆರು ಕ್ಯಾಪ್, ಮೂರು ರೂಟ್ ಕೆನಾಲ್ (ಹಲ್ಲಿನ ಬೇರಿನೊಳಗೆ ಕ್ಲೀನ್ ಮಾಡಿ ತುಂಬೋದು), 62 ಸಾವಿರ, ಕಂತಿನಲ್ಲೂ ಕಟ್ಟಬಹುದು. "ಇವತ್ತೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್" ಅಂದಾಗ ಎದ್ದು ಬಂದೆ. ಹರಾಜು ಕೂಗೋನ ಅವಸರ ನನಗೆ ಗೊತ್ತು.

ಈ ಡಾಕ್ಟರಮ್ಮನ ಮುಂದೆ ಆ ಚೀಟಿ ಇಟ್ಟೆ. ಒಂದು ಮಾತು ಅವರನ್ನು ಆಡಿಕೊಳ್ಳಲಿಲ್ಲ. "ಅವರು ಏನು ನೋಡಿದರೋ ಗೊತ್ತಿಲ್ಲ, ನಾನು ನೋಡಿದ್ದು ಹೇಳ್ತೀನಿ" ಅಂತ ಕನ್ನಡಿ ಕೊಟ್ಟು ತೋರಿಸುತ್ತಾ ಹೋದರು. ಮುಂದಿನ ಕಲೆ ಕೊಳೆಯಲ್ಲ, ಹುಳುಕೂ ಅಲ್ಲ, ಫ್ಲೋರೋಸಿಸ್. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿರೋ ನೀರನ್ನು ಹಲ್ಲು ಒಳಗೆ ರೂಪುಗೊಳ್ಳುವ ಚಿಕ್ಕ ವಯಸ್ಸಲ್ಲಿ ಕುಡಿದರೆ ಕಲೆ ಹಲ್ಲಿನ ಗಟ್ಟಿ ಹೊರಪದರದ (ಎನಾಮಲ್) ಒಳಗೇ ಕೂರುತ್ತೆ, ಉಜ್ಜಿದರೆ ಹೋಗಲ್ಲ. ಮೇಲ್ಪದರ ಸ್ವಲ್ಪ ಸವೆಸಿ ಬಣ್ಣ ಕಮ್ಮಿ ಮಾಡೋ ದಾರಿ ಇದೆ, ಪೂರ್ತಿ ಬಿಳಿ ಆಗಲ್ಲ. "ಗಟ್ಟಿ ಹಲ್ಲನ್ನ ಕೊರೆದು ಕ್ಯಾಪ್ ಹಾಕೋ ಕೆಲಸ ನಾನು ಮಾಡಲ್ಲಣ್ಣ. ಕೊರೆದಿದ್ದು ವಾಪಸ್ ಬರಲ್ಲ." ಫೋಟೋದಲ್ಲಿ ಪಟ್ಟೆ ಹಲ್ಲಲ್ಲೇ ನಕ್ಕಿದ್ದೀನಿ. ಬೀಗರಿಗೂ ಅದೇ ಪಟ್ಟೆ!

ರೂಟ್ ಕೆನಾಲ್ ಬೇಕಾಗಿದ್ದದ್ದು ಒಂದಕ್ಕೇ, ಅದೇ ಜುಂ ಅನ್ನೋ ಹಲ್ಲಿಗೆ. ಅವರ ಪ್ರಕಾರ ಅದು 46ನೇ ನಂಬರು. ಬಾಯಲ್ಲಿರೋದೇ 32, ಇದೆಲ್ಲಿಯ 46 ಅಂತ ಲೆಕ್ಕದವನಿಗೆ ತಲೆ ಕೆಟ್ಟಿತು. ಬಾಯನ್ನು ನಾಲ್ಕು ಭಾಗ ಮಾಡಿ ಎಣಿಸಿದರೆ ನಾಲ್ಕನೇ ಭಾಗದ ಆರನೇ ಹಲ್ಲಂತೆ. ದರಪಟ್ಟಿ ಗೋಡೆ ಮೇಲೇ ಇದೆ: ನೋಡೋಕೆ 200, ಎಕ್ಸ್‌ರೇ 200, ರೂಟ್ ಕೆನಾಲ್ 3500, ಕ್ಯಾಪ್ 4000. ಸಾಮಾನಿನ ಸೀಲ್ ಮಾಡಿದ ಕವರನ್ನು ನನ್ನೆದುರಿಗೇ ಹರಿದರು. ಸಾಮಾನನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡೋ ಆಟೋಕ್ಲೇವ್‌ನಲ್ಲಿ ಬೆಂದಿದ್ದರೆ ಕವರಿನ ಮೇಲಿನ ಗುರುತು ಬಣ್ಣ ಬದಲಾಗುತ್ತೆ ಅಂತ ಅದನ್ನೂ ತೋರಿಸಿದರು.

ಎರಡನೇ ಸಲ ಕೂತಾಗ ನಡೆದದ್ದಕ್ಕೇ ಇಷ್ಟೆಲ್ಲ ಬರೆಯೋಕೆ ಕೂತದ್ದು. ಬೇರಿನೊಳಗೆ ಸಣ್ಣ ಸೂಜಿಯಂಥ ಫೈಲ್ ಆಡಿಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಮಾತಿಲ್ಲ. ಎಕ್ಸ್‌ರೇ ತೆಗೆದರು, ಕುರ್ಚಿ ನೆಟ್ಟಗೆ ಮಾಡಿದರು, ಮಾಸ್ಕ್ ತೆಗೆದು ಎದುರಿಗೆ ಕೂತರು. "ಅಣ್ಣ, ಫೈಲಿನ ತುದಿ ಮುರಿದು ಬೇರಲ್ಲಿ ಉಳಿದುಕೊಂಡಿದೆ. ನನ್ನ ಕೈಯಲ್ಲೇ ಆಗಿದ್ದು." ಪರದೆ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಗೆರೆ. ನನಗೆ ನೋವೇ ಇರಲಿಲ್ಲ. ಹೇಳದೆ ಮೇಲೆ ಸಿಮೆಂಟ್ ತುಂಬಿ ಕ್ಯಾಪ್ ಕೂರಿಸಿದ್ದರೆ ಈ ಜನ್ಮದಲ್ಲಿ ನನಗೆ ತಿಳಿಯುತ್ತಿರಲಿಲ್ಲ. ಬಾಕ್ಸಿನ ಅಡಿಗೆ ಕೊಳೆತದ್ದು, ಮೇಲೆ ಕೆಂಪು ಹಣ್ಣು ಜೋಡಿಸಿ ತರೋರನ್ನು ದಿನಾ ನೋಡೋನು ನಾನು.

ಮೂರು ದಾರಿ ಹೇಳಿದರು: ಬೆಂಗಳೂರಿಗೆ ಹೋಗಿ ಮೈಕ್ರೋಸ್ಕೋಪ್ ಇರೋ ಕಡೆ ತೆಗೆಸೋದು, ಚೂರಿನ ಪಕ್ಕದಿಂದ ದಾರಿ ಮಾಡಿ ತುಂಬಿಸಿ ಕಾದು ನೋಡೋದು, ಎರಡೂ ಆಗದಿದ್ದರೆ ಹಲ್ಲು ಕೀಳೋದು. ಪ್ರತಿಯೊಂದರಲ್ಲೂ ಏನು ಕೆಡಬಹುದು ಅಂತಾನೂ ಹೇಳಿದರು. ನನ್ನ ಕಡತದಲ್ಲಿ ಪೆನ್ನಲ್ಲಿ ಬರೆದು ಸಹಿ ಹಾಕಿಸಿಕೊಂಡು, ಎಕ್ಸ್‌ರೇ ಪ್ರತಿ ಕೊಟ್ಟರು. ನಾನು ಎರಡನೇದು ಆರಿಸಿದೆ. ಭಾನುವಾರ ಬರೋ ರೂಟ್ ಕೆನಾಲ್ ತಜ್ಞರು ಒಂದೂವರೆ ಗಂಟೆ ಕೂತು ಮುಗಿಸಿದರು. ಅವರ ಫೀಸು ಡಾಕ್ಟರಮ್ಮನೇ ಕೊಟ್ಟರು, ರೂಟ್ ಕೆನಾಲಿನ 3500 ನನ್ನ ಬಿಲ್ಲಲ್ಲಿ ಹಿಡಿಯಲಿಲ್ಲ. "ಅವರು ನಿಮಗೆ ಕಮಿಷನ್ ಕೊಡ್ತಾರಾ ಮೇಡಂ?" ಅಂತ ಮಂಡಿ ಬುದ್ಧಿಯಲ್ಲಿ ಕೇಳಿಬಿಟ್ಟೆ. ರೋಗಿ ಕಳಿಸಿದ್ದಕ್ಕೆ ಕಮಿಷನ್ ತಗೊಂಡರೆ ತಪ್ಪು ಅಂತ ಖಾರವಾಗೇ ಹೇಳಿದರು. ನಮ್ಮ ಹೊಟ್ಟೆಪಾಡೇ ಕಮಿಷನ್, ನಾನು ಸುಮ್ಮನಾದೆ.

ಬೇಜಾರುಗಳೂ ಇವೆ. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ಫೋನಲ್ಲಿ ಟೈಮ್ ಕೊಟ್ಟು ನಲವತ್ತು ನಿಮಿಷ ಕೂರಿಸುತ್ತಾರೆ, ಪ್ರತಿ ಸಲ. ಎಲೆ ಅಡಿಕೆ ವಿಷಯಕ್ಕೆ ಕೆನ್ನೆಯೊಳಗೆಲ್ಲ ಟಾರ್ಚ್ ಬಿಟ್ಟು ನೋಡಿ ಬೈದರು, ಅದನ್ನು ಬೇಜಾರಿಗೆ ಸೇರಿಸಬೇಕೋ ಬೇಡವೋ. ಕ್ಯಾಪ್ ಮಾತ್ರ ಅಕ್ಕಪಕ್ಕದ ಹಲ್ಲಿಗಿಂತ ಬೆಳ್ಳಗಾಗಿದೆ, ನನ್ನ ಪಟ್ಟೆ ಬಣ್ಣಕ್ಕೆ ಲ್ಯಾಬಿನವರಿಗೆ ಹೊಂದಿಸೋಕಾಗಲಿಲ್ಲ. ಹಿಂದಿನ ಹಲ್ಲು, ಯಾರಿಗೂ ಕಾಣಲ್ಲ.

ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ತುದಿ ಚೆನ್ನಾಗಿತ್ತು, ಚೂರು ಅಲ್ಲೇ ಇದೆ. ವರ್ಷದ್ದು ಯುಗಾದಿ ಕಳೆದ ಮೇಲೆ, ದುಡ್ಡಿಲ್ಲದೆ ತೆಗೀತೀನಿ ಅಂದಿದ್ದಾರೆ. ಹೋಗೋರು ಸಂಜೆ ಐದರ ಮೇಲೆ ಹೋಗಿ, ಹಳೇ ಎಕ್ಸ್‌ರೇ ಇದ್ದರೆ ತಗೊಂಡು ಹೋಗಿ.