ಮುಟ್ಟಿನ ಬಗ್ಗೆ ಮಾತು ಶುರುಮಾಡಲು ಯಾವ ಸಾಕ್ಷ್ಯಚಿತ್ರ?

ಮಹಿಳಾ ಸಂಘದ ಸಭೆಯಲ್ಲಿ ತೋರಿಸಲು 'ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್.' (2018) ಒಳ್ಳೆಯದೋ, 'ಮೆನ್‌ಸ್ಟ್ರುಯಲ್ ಮ್ಯಾನ್' (2013) ಒಳ್ಳೆಯದೋ ಎಂದು ಕೇಳಿದ್ದೀರಿ. ಎರಡರಲ್ಲೂ ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರ ಅಗ್ಗದ ಪ್ಯಾಡ್ ಯಂತ್ರವಿದೆ.

ಸಮಯ ಕಮ್ಮಿಯಿದ್ದರೆ ಮೊದಲನೆಯದು. 26 ನಿಮಿಷ ಅಷ್ಟೇ. ಉಳಿದ ಹೊತ್ತು ಮಾತಿಗೆ ಸಿಗುತ್ತದೆ, ಅದೇ ಮುಖ್ಯ ಅಲ್ವಾ? ದೆಹಲಿ ಹತ್ತಿರದ ಹಾಪುರದ ಕಡೆಯ ಹೆಂಗಸರೇ ಇಲ್ಲಿ ಮಾತಾಡುತ್ತಾರೆ. ಅವರ ನಾಚಿಕೆ, ತಡವರಿಕೆ ನೋಡಿದರೆ ನಮ್ಮ ಹುಡುಗಿಯರಿಗೂ ಬಾಯಿ ಬಿಡುವ ಧೈರ್ಯ ಬರುತ್ತದೆ. ಆದರೆ ಮಾತು ಹಿಂದಿಯದು. ಪಕ್ಕದಲ್ಲೊಬ್ಬರು ಕನ್ನಡದಲ್ಲಿ ಹೇಳುತ್ತಿರಬೇಕು. ನೆಟ್‌ಫ್ಲಿಕ್ಸ್ ಚಿತ್ರವಾದ್ದರಿಂದ ಸಭೆಯಲ್ಲಿ ತೋರಿಸುವ ನಿಯಮ ಮೊದಲೇ ನೋಡಿಕೊಳ್ಳಿ.

ಸಂಘದವರು ಪ್ಯಾಡ್ ತಯಾರಿಕೆಗೇ ಇಳಿಯುವ ಯೋಚನೆಯಲ್ಲಿದ್ದರೆ, ಸುಮಾರು ಒಂದು ತಾಸಿನ ಎರಡನೆಯದು ಸರಿ. ಯಂತ್ರ ಹುಟ್ಟಿದ ಕಥೆ ಅದರಲ್ಲಿ ಜಾಸ್ತಿ ಸಿಗುತ್ತದೆ. ಗಂಡಸರನ್ನೂ ಕೂರಿಸುವುದಾದರೆ ಅದನ್ನೇ ಹಾಕಿ: ಹೆಂಡತಿಯ ಕಷ್ಟ ಕಂಡು ಒಬ್ಬ ಗಂಡಸು ಶುರುಮಾಡಿದ ಕೆಲಸ ಅದು.