15 ವರ್ಷದ ಇ.ಸಿ. ಮಾತ್ರ ನೋಡಿ ಸೈಟು ಕೊಳ್ಳಬೇಡಿ

ಮೊದಲ ಬಾರಿಗೆ ನಿವೇಶನದ ಮೇಲೆ ಹಣ ಹೂಡಲು ಹೊರಟವರು ಮುಂಗಡ ಕೊಡುವ ಮುನ್ನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. 2019ರಲ್ಲಿ, ಭವಿಷ್ಯ ನಿಧಿಯಿಂದ ತೆಗೆದ ಹಣಕ್ಕೆ ಹೆಂಡತಿಯ ಒಡವೆ ಅಡವಿಟ್ಟು ತಂದ ಸಾಲವನ್ನೂ ಸೇರಿಸಿ, ನೆಲಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ 30x40 ಅಳತೆಯ ಸೈಟನ್ನು 11 ಲಕ್ಷ ರೂಪಾಯಿಗೆ ಕೊಂಡೆ. ಐದಾರು ವರ್ಷ ಬಿಟ್ಟು ಮಾರಿದರೆ ಮಗಳ ಓದಿಗೆ ಆಗುತ್ತದೆ ಎಂಬ ಲೆಕ್ಕ ನನ್ನದಾಗಿತ್ತು.

ಕಾಗದಪತ್ರ ನೋಡದೆ ಕೊಂಡವನು ನಾನಲ್ಲ. ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, 15 ವರ್ಷಕ್ಕೆ ತೆಗೆಸಿದ್ದೆ. ಅದರಲ್ಲಿ ಅಡಮಾನವೂ ಇರಲಿಲ್ಲ, ಅನುಮಾನಪಡುವಂಥ ವ್ಯವಹಾರವೂ ಇರಲಿಲ್ಲ. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಯ ಆದೇಶದ ನಕಲನ್ನೂ ತೋರಿಸಿದ್ದರು. ವಕೀಲರನ್ನು ಮಾತ್ರ ದಲ್ಲಾಳಿಯೇ ಗೊತ್ತುಮಾಡಿಕೊಟ್ಟ. ನನ್ನ ಮೊದಲ ತಪ್ಪು ಅದು. "ರಿಜಿಸ್ಟ್ರೇಷನ್ ಆದಮೇಲೆ ಇನ್ನೇನು ಸಾರ್ ಭಯ" ಎಂದ ಅವನ ಮಾತನ್ನು ನಂಬಿದ್ದು ಎರಡನೆಯದು. ನೋಂದಣಿಯಾಗುವುದು ಪತ್ರ ಮಾತ್ರ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂಬುದಕ್ಕೆ ಉಪನೋಂದಣಾಧಿಕಾರಿಯ ಮೊಹರು ಖಾತರಿಯಲ್ಲ.

2024ರಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಾಲಯದಿಂದ ನೋಟಿಸು ಬಂತು. ನಮ್ಮ ಬಡಾವಣೆ ಎದ್ದಿರುವ ಜಮೀನು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿತ್ತು. 1994ರಲ್ಲಿ ಅದನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರೋ ಬರೆಸಿಕೊಂಡಿದ್ದರು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಕೈಸೇರುವುದನ್ನು ತಡೆಯುವ, ಜನ ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕಾಯ್ದೆಯ ಪ್ರಕಾರ ಅಂಥ ಪರಭಾರೆ, ಅಂದರೆ ವರ್ಗಾವಣೆ, ಅಸಿಂಧು. ಅದರ ಮೇಲೆ ನಡೆದ ಮುಂದಿನ ಕ್ರಯಗಳೂ ನಿಲ್ಲುವುದಿಲ್ಲ. ಜಮೀನು ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ನನ್ನ ಇ.ಸಿ. ಶುರುವಾಗುವುದೇ 2004ರಿಂದ, ಹಾಗಾಗಿ 1994ರ ಆ ಪತ್ರ ನನ್ನ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ.

ವಿಚಾರಣೆಯ ದಿನ ಆ ಕುಟುಂಬದ ಹಿರಿಯರು ಪ್ಲಾಸ್ಟಿಕ್ ಕವರಿನಿಂದ ಜಮೀನು ಮಂಜೂರಾದ ಸಾಗುವಳಿ ಚೀಟಿ ತೆಗೆದು ತೋರಿಸಿದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಕಾಗದವನ್ನು ಹಿಂದಿನಿಂದ ಅಂಟಿಸಿದ್ದರು. ಪರಭಾರೆ ಮಾಡಕೂಡದು ಎಂಬ ಷರತ್ತು ಮಾತ್ರ ಇನ್ನೂ ಓದಲು ಬರುತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಥವರ ಭೂಮಿ ಕೈತಪ್ಪಬಾರದೆಂದೇ ಆ ಕಾಯ್ದೆ ಬಂದದ್ದು. ಇದೆಲ್ಲ ಗೊತ್ತಿದ್ದೂ ಸೈಟು ಕತ್ತರಿಸಿ ಮಾರಿದವರ ಕಚೇರಿಗೆ ಈಗ ಬೀಗ ಬಿದ್ದಿದೆ. ಜಮೀನನ್ನು ಆ ಕುಟುಂಬಕ್ಕೆ ಮರಳಿಸಬೇಕೆಂದು ಆದೇಶವಾಗಿದೆ. ಜಿಲ್ಲಾಧಿಕಾರಿಗಳ ಮುಂದೆ ನಾವು ಸಲ್ಲಿಸಿರುವ ಮೇಲ್ಮನವಿ ಬಾಕಿಯಿದೆ, ಆದರೆ ಹೆಚ್ಚಿನ ಆಸೆ ಇಟ್ಟುಕೊಂಡಿಲ್ಲ.

ಆದ್ದರಿಂದ ಇ.ಸಿ.ಯ ಜೊತೆಗೆ ಮೂಲ ಪತ್ರದಿಂದ ಇಂದಿನವರೆಗಿನ ಎಲ್ಲ ದಾಖಲೆ ಕೇಳಿ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಆ ಸರ್ವೆ ನಂಬರಿನ ಹಳೆಯ ಪಹಣಿ ಮತ್ತು ಹಕ್ಕು ಬದಲಾವಣೆ ತೋರಿಸುವ ಮ್ಯುಟೇಷನ್‌ಗಳ ನಕಲಿಗೆ ಅರ್ಜಿ ಹಾಕಿ, ಜಮೀನು ಮೊದಲು ಯಾರಿಗೆ ಹೇಗೆ ಬಂತೆಂದು ನೀವೇ ಗೊತ್ತುಮಾಡಿಕೊಂಡ ವಕೀಲರಿಂದ ಓದಿಸಿ. ಪಿ.ಟಿ.ಸಿ.ಎಲ್. ಪ್ರಕರಣ ಇದೆಯೇ ಎಂದು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಹಿಂಬರಹ, ಅಂದರೆ ಲಿಖಿತ ಉತ್ತರ, ಪಡೆಯಿರಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನಂತೂ ಕೇಳಲೇಬೇಕು. ಇಷ್ಟಕ್ಕೆ ತಿಂಗಳು ಹಿಡಿದರೆ ಹಿಡಿಯಲಿ.

ಕಳೆದ ಭಾನುವಾರ ಅಲ್ಲಿಗೆ ಹೋದಾಗ ಯುವ ದಂಪತಿಗಳಿಬ್ಬರು ಬಿಳಿ ಬಣ್ಣ ಬಳಿದ ಗಡಿಕಲ್ಲಿನ ಪಕ್ಕ ನಿಂತಿದ್ದರು. ಬೇರೊಬ್ಬ ದಲ್ಲಾಳಿ ಅದೇ ಸಾಲಿನ ಸೈಟು ತೋರಿಸುತ್ತಿದ್ದ. ನೋಟಿಸಿನ ಸುದ್ದಿಯನ್ನು ಅವನು ಎತ್ತಿರಲೇ ಇಲ್ಲ. ನನ್ನ ನೋಟಿಸಿನ ಪ್ರತಿಯೊಂದನ್ನು ಅವರ ಕೈಗೆ ಕೊಟ್ಟು ಬಂದೆ.