ಮೂರು ರಾತ್ರಿ ಅಂದರು, ಹತ್ತೊಂಬತ್ತಾಯಿತು: ಹೋಸ್ಟ್ ಹೋಮ್ ಆಗಿ ನಾಲ್ಕು ವರ್ಷ

ನಾಲ್ಕು ವರ್ಷದಿಂದ ನಮ್ಮದು ಹೋಸ್ಟ್ ಹೋಮ್, ಅಂದರೆ ಇರಲು ಜಾಗವಿಲ್ಲದ ಮಕ್ಕಳನ್ನು ಒಂದು ಸಂಸ್ಥೆ ಕಳಿಸಿದಾಗ ಕೆಲವು ದಿನ ಇರಿಸಿಕೊಳ್ಳುವ ಮನೆ. ಜಗಳವಾಗಿ ಮನೆ ಬಿಟ್ಟ ಹದಿಹರೆಯದವರು, ತಾಯಿ ಆಸ್ಪತ್ರೆ ಸೇರಿದಾಗ ನೋಡಿಕೊಳ್ಳುವವರಿಲ್ಲದ ಚಿಕ್ಕವರು, ಹೀಗೆ ಹನ್ನೊಂದು ಜನ ಬಂದು ಹೋಗಿದ್ದಾರೆ. ಇದಕ್ಕೆ ಸಂಬಳ ಇಲ್ಲ.

ಸೇರುವಾಗ ತಪಾಸಣೆ ಜಾಸ್ತಿಯಾಯಿತು ಅನ್ನಿಸಿತ್ತು. ಪೊಲೀಸ್ ದಾಖಲೆ ನೋಡಿದರು, ಪರಿಚಯದವರನ್ನು ವಿಚಾರಿಸಿದರು, ಔಷಧಿ ಡಬ್ಬಿಗೆ ಬೀಗ ಹಾಕಿಸಿದರು. ಆಗ ಸಿಟ್ಟು ಬಂದಿತ್ತು. ಈಗ ಕೇಳಿದರೆ, ಇದರಲ್ಲಿ ಒಂದನ್ನೂ ಬಿಡಬೇಡಿ ಅನ್ನುತ್ತೇನೆ. ಗುರುತಿಲ್ಲದವರ ಮನೆಗೆ ಮಗು ಕಳಿಸುವುದು ಸುಮ್ನೆ ಮಾತಲ್ಲ, ಅಲ್ವಾ?

ತರಬೇತಿಯಲ್ಲಿ ಹೇಳಿದ್ದರಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಒಂದೇ: ಏನಾಯಿತು ಅಂತ ಕೇಳಬೇಡಿ. ಮೊದಲ ಹುಡುಗ ಬಂದ ರಾತ್ರಿಯೇ ನಾನು ಕೇಳಿಬಿಟ್ಟೆ. ಎರಡು ದಿನ ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ಈಗ ಬಚ್ಚಲು ತೋರಿಸುತ್ತೇನೆ, ಚಾರ್ಜರ್ ಕೊಡುತ್ತೇನೆ, ಒಳಗಿನಿಂದ ಚಿಲಕ ಹಾಕುವುದು ಹೇಗೆ ಅಂತ ಹೇಳುತ್ತೇನೆ. ಅಷ್ಟೇ. ಅವರಾಗಿ ಮಾತಿಗೆ ಬಂದರೆ ಕೇಳಿಸಿಕೊಳ್ಳಬೇಕು, ಆದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬಾರದು. ಹೊಡೆತ ಬಡಿತದ ವಿಷಯವಾದರೆ ಸಂಸ್ಥೆಗೆ ತಿಳಿಸಲೇಬೇಕು. ನನಗೆ ಇವತ್ತಿಗೂ ಕಷ್ಟವಾಗುವ ನಿಯಮ ಇದು.

ಸೇರುವ ಮುಂಚೆ ನಿಮ್ಮ ಸಂಸ್ಥೆಯದು ಯಾವ ಬಗೆ ಅಂತ ಕೇಳಿಕೊಳ್ಳಿ. 2003ರಲ್ಲಿ ಶಿಕಾಗೋದಲ್ಲಿ ಶುರುವಾದ ಸೇಫ್ ಫ್ಯಾಮಿಲೀಸ್ ರೀತಿಯಲ್ಲಿ ಹೆತ್ತವರೇ ಒಪ್ಪಿ ಮಗುವನ್ನು ಕಳಿಸುತ್ತಾರೆ, ಅವರ ಹಕ್ಕು ಅವರದ್ದೇ. 1987ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದ ನೈಟ್‌ಸ್ಟಾಪ್ ದಾರಿ ಬೇರೆ. ಅದು 16ರಿಂದ 25 ವರ್ಷದವರಿಗೆ ರಾತ್ರಿ ತಂಗಲು ಒಂದು ಮನೆ. ನಮ್ಮದು ಎರಡನ್ನೂ ಬೆರೆಸಿದ್ದು. ಗೋಜಲಿಗೆ ಅರ್ಧ ಕಾರಣ ಅದೇ.

ಗೋಜಲು ಅಂದರೆ ಮುಖ್ಯವಾಗಿ ದಿನದ ಲೆಕ್ಕ. ಮೂರು ರಾತ್ರಿ ಅಂತ ಬಂದವಳು ಹತ್ತೊಂಬತ್ತು ರಾತ್ರಿ ಇದ್ದಳು. ಅವಳಿಂದ ತೊಂದರೆ ಏನೂ ಇರಲಿಲ್ಲ. ದಿನಾ ಸಂಜೆ "ನಾಳೆ ಹೋಗ್ತೀನಾ?" ಅಂತ ಕೇಳುತ್ತಿದ್ದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಒಮ್ಮೆ ರಾತ್ರಿ ಎರಡಕ್ಕೆ ಅವಳು ಗಡಗಡ ನಡುಗುತ್ತಾ ಕೂತಾಗ ಸಂಸ್ಥೆಯ ತುರ್ತು ನಂಬರಿಗೆ ನಲವತ್ತು ನಿಮಿಷ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆಮೇಲೆ ಕ್ಷಮೆ ಕೇಳಿ ಇನ್ನೊಂದು ನಂಬರ್ ಕೊಟ್ಟರು. ಸಂಸ್ಥೆಗೆ ನಾನು ಕೊಡುವುದು ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಆ ರಾತ್ರಿಗೆ.

ಹೋದವರ ಸುದ್ದಿಯನ್ನು ನಮಗೆ ಹೇಳುವುದಿಲ್ಲ. ಸರಿಯಾದ ನಿಯಮವೇ. ಆ ಹುಡುಗಿಯ ಲೆಕ್ಕದ ಪುಸ್ತಕ ಇನ್ನೂ ನಮ್ಮ ಕಪಾಟಿನಲ್ಲಿದೆ. ಕೊಟ್ಟರೆ ತಲುಪಿಸುತ್ತೇವೆ ಅಂದಿದ್ದಾರೆ. ನಾನೇ ಇನ್ನೂ ಕೊಟ್ಟಿಲ್ಲ.